ಸ್ಪಿಟ್‌ಫೈರ್‌ಗೆ ಜಿಪ್ಸಿ ಎಂಜಿನ್: ಪುಣೆಯಲ್ಲಿ ಕೂರಿಸುವ ಬಗೆ

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್‌ನ ಬಾನೆಟ್ ಮೂತಿಯ ಕಡೆಗೆ ಮಗುಚಿಕೊಳ್ಳುತ್ತದೆ. ಎತ್ತಿದ ಕೂಡಲೇ ಮುಂದಿನ ಚಕ್ರಗಳ ಸಮೇತ ಇಡೀ ಎಂಜಿನ್ ಬಯಲಿಗೆ ಬರುತ್ತದೆ. ಟೈರಿನ ಮೇಲೆ ಕೂತೇ ಪಾನಾ ತಿರುಗಿಸಬಹುದು. ಬಾಡಿಯ ಕೆಳಗೆ ಬೇರೆಯೇ ಚಾಸಿ ಇದೆ. ಗೇರ್‌ಬಾಕ್ಸ್ ಮೇಲಿನ ಮುಚ್ಚಳವನ್ನು ಸ್ಕ್ರೂ ಬಿಚ್ಚಿ ತೆಗೆದರೆ ಗೇರ್‌ಬಾಕ್ಸ್ ಸೀಟಿನ ಕಡೆಯಿಂದಲೇ ಹೊರಗೆ ಬರುತ್ತದೆ. ಎಂಜಿನ್ ಬದಲಾವಣೆಗೆ ಇಷ್ಟು ಅನುಕೂಲದ ಹಳೆಯ ಸ್ಪೋರ್ಟ್ಸ್ ಕಾರು ಸಿಗುವುದು ಕಷ್ಟ. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದರ ಅಣ್ಣ. ಚಾಸಿಯ ಅಳತೆ ಬೇರೆ, ಸ್ವಭಾವ ಒಂದೇ. ಹೆರಾಲ್ಡ್ ಇಟ್ಟುಕೊಂಡವರಿಗೂ ಇಲ್ಲಿಯ ಬಹುಪಾಲು ಹಾಗೇ ಹೊಂದುತ್ತದೆ.

ಇಲ್ಲಿ ಆರಿಸಿಕೊಂಡಿರುವುದು ಮಾರುತಿ ಜಿಪ್ಸಿ ಕಿಂಗ್‌ನ 16 ವಾಲ್ವಿನ ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವ) ಎಂಜಿನ್. 1298 ಸಿಸಿ, 80 ಅಶ್ವಶಕ್ತಿ, ಬ್ಲಾಕ್ ಮತ್ತು ಹೆಡ್ ಎರಡೂ ಅಲ್ಯೂಮಿನಿಯಂ. ಇನ್ನೂ ದೊಡ್ಡದು ಯಾಕೆ ಬೇಡ ಎಂದು ಕೇಳುವವರು ಇದ್ದೇ ಇರುತ್ತಾರೆ. ಸ್ಪಿಟ್‌ಫೈರ್ ಮಾರ್ಕ್ 3ರ ಮೂಲ ಎಂಜಿನ್ 1296 ಸಿಸಿ, 75 ಅಶ್ವಶಕ್ತಿ. ಮೊದಲ ಮಾದರಿಯ ತೂಕ ಸುಮಾರು 710 ಕೆ.ಜಿ. ಇದರ ಡಿಫರೆನ್ಷಿಯಲ್ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ), ಹಾಫ್ ಶಾಫ್ಟ್ (ಅಲ್ಲಿಂದ ಚಕ್ರಕ್ಕೆ ಹೋಗುವ ದಂಡ), ಬ್ರೇಕು ಎಲ್ಲ ಆ ಶಕ್ತಿಯ ಲೆಕ್ಕದಲ್ಲೇ ಮಾಡಿದವು. 150 ಅಶ್ವಶಕ್ತಿಯ ಎಂಜಿನ್ ಇಟ್ಟರೆ ಮೊದಲು ಡಿಫರೆನ್ಷಿಯಲ್ ಹೋಗುತ್ತದೆ, ಅದನ್ನು ಬದಲಿಸಿದರೆ ಹಾಫ್ ಶಾಫ್ಟ್, ಆಮೇಲೆ ಬ್ರೇಕು. ಜಿಪ್ಸಿ ಎಂಜಿನ್‌ನಿಂದ ಬರುವ ಲಾಭ ಬೇರೆ: ಬೆಳಿಗ್ಗೆ ಒಂದೇ ಸೆಲ್ಫಿಗೆ ಹಿಡಿಯುತ್ತದೆ, ಐದನೇ ಗೇರ್ ಇದೆ, ಬಿಡಿಭಾಗ ನಾನಾ ಪೇಠೆಯಲ್ಲಿ ಸಿಗುತ್ತವೆ.

ಇನ್ನೊಂದು ಕಾರಣವೂ ಇದೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಗಿಡ್ಡ ಶಾಫ್ಟ್ ಇಟ್ಟು ಪ್ರತ್ಯೇಕವಾಗಿ ಕೂರಿಸಿದ್ದಾರೆ. ಅದನ್ನು ಕಳಚಿಟ್ಟರೆ ಉಳಿಯುವುದು ಹಿಂಚಕ್ರದ ಕಾರಿಗೆ ಹೇಳಿ ಮಾಡಿಸಿದಂಥ ಐದು ಗೇರಿನ ಪೆಟ್ಟಿಗೆ. ಎಸ್ಟೀಮ್‌ನ 1.3 ಎಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ; ಅದರ ಗೇರ್‌ಬಾಕ್ಸ್ ಮುಂಚಕ್ರಕ್ಕೆ ಅಡ್ಡ ಕೂರುವಂಥದ್ದು.

ಪಾನಾ ಹಿಡಿಯುವ ಮುಂಚೆ ಕಾಗದ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಬರೆದ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಹೇಳಿತು. ಬೇರೆ ಕಂಪನಿಯ ಎಂಜಿನ್‌ಗೆ ಆರ್‌ಟಿಒ ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಎಂಜಿನ್ ಕೊಳ್ಳುವ ಮುಂಚೆಯೇ ಅರ್ಜಿ ಹಾಕಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಏಜೆಂಟನ ಬಾಯಿಮಾತು ಲೆಕ್ಕಕ್ಕಿಲ್ಲ. ಒಪ್ಪಿಗೆ ಸಿಗದಿದ್ದರೆ ಆ ಕಾರು ಖಾಸಗಿ ಜಾಗಕ್ಕೆ ಅಥವಾ ಟ್ರ್ಯಾಕಿಗೆ ಮಾತ್ರ, ಸಾರ್ವಜನಿಕ ರಸ್ತೆಗಲ್ಲ.

ಕೆಎ ನಂಬರಿನ ಗಾಡಿ ತಂದು ಪುಣೆಯಲ್ಲಿ ನೆಲೆಸಿದವರಿಗೆ ಇನ್ನೊಂದು ಗಂಟು. ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಎಂಎಚ್ ನಂಬರ್ ಮಾಡಿಸಬೇಕು. ಅದು ಮುಗಿದ ಮೇಲೆ ಎಂಜಿನ್ ಅರ್ಜಿಗೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಹಿಡಿದರೆ ಫೈಲು ಎರಡು ರಾಜ್ಯದ ನಡುವೆ ಓಡಾಡುತ್ತಲೇ ಇರುತ್ತದೆ.

ಕಾರಿಗೆ 50 ವರ್ಷ ದಾಟಿದ್ದರೆ ಇನ್ನೂ ಒಮ್ಮೆ ಯೋಚಿಸಿ. 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗದ ಗಾಡಿಗೆ ಮಾತ್ರ. ಎಂಜಿನ್ ಬದಲಿಸಿದ ದಿನ ಆ ನೋಂದಣಿಯ ‘ವಿಎ’ ನಂಬರ್ ಫಲಕದ ಆಸೆ ಬಿಡಬೇಕು. ಆದ್ದರಿಂದ ಕೆಳಗಿನ ಕೆಲಸವೆಲ್ಲ ಬೋಲ್ಟ್ ಬಿಚ್ಚಿದರೆ ಮೊದಲಿನ ಸ್ಥಿತಿಗೆ ಮರಳುವ ಹಾಗೆ ಇರಲಿ: ಚಾಸಿಗೆ ವೆಲ್ಡಿಂಗ್ ಇಲ್ಲ, ಬಾಡಿಯಲ್ಲಿ ಕತ್ತರಿಸುವುದಿಲ್ಲ.

ಏನೇನು ಕೊಳ್ಳಬೇಕು

ಬರೀ ಎಂಜಿನ್ ಕೊಂಡವರು ಆಮೇಲೆ ಮೂರು ತಿಂಗಳು ಅಲೆದಾಡುತ್ತಾರೆ. ಒಂದೇ ಗಾಡಿಯಿಂದ ಇಷ್ಟನ್ನೂ ಒಟ್ಟಿಗೆ ತನ್ನಿ: ಎಂಜಿನ್, ಗೇರ್‌ಬಾಕ್ಸ್, ಗೇರ್‌ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಹೋಗುವ ಗಿಡ್ಡ ಶಾಫ್ಟ್, ಮೂರೂ ಮೌಂಟಿಂಗ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಕತ್ತರಿಸದ ಪೂರ್ತಿ ವೈರಿಂಗ್, ಎಲ್ಲ ಸೆನ್ಸರ್, ಆಕ್ಸಿಲರೇಟರ್ ಕೇಬಲ್, ಫ್ಯೂಯಲ್ ಪಂಪ್, ಸೈಲೆನ್ಸರಿನ ಆಮ್ಲಜನಕ ಸೆನ್ಸರ್ ಇರುವ ತುಂಡು. ಇಮ್ಮೊಬಿಲೈಸರ್ ಇದ್ದರೆ ಅದರ ಕೀ ಸಮೇತ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಾಗಲಿ ಪುಣೆಯ ಗುಜರಿಯಲ್ಲಾಗಲಿ, ಎಂಜಿನ್ ನಂಬರ್ ಬರೆದ ಬಿಲ್ ಮತ್ತು ಮೂಲ ಗಾಡಿಯ ಕಾಗದದ ಪ್ರತಿ ಇಲ್ಲದೆ ದುಡ್ಡು ಕೊಡಬೇಡಿ. ನಂಬರ್ ಉಜ್ಜಿದ ಗುರುತಿದ್ದರೆ ಅಲ್ಲಿಂದ ಎದ್ದು ಬನ್ನಿ.

ಕಂಪ್ರೆಷನ್ ಅಳೆಯಿರಿ. ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಸೆಲ್ಫ್ ಹೊಡೆಯಬೇಕು. ಯಾವ ಸಿಲಿಂಡರೂ ಚದರ ಸೆಂ.ಮೀ.ಗೆ 12 ಕೆ.ಜಿ.ಗಿಂತ ಕೆಳಗಿರಬಾರದು, ನಾಲ್ಕರ ನಡುವೆ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸವೂ ಇರಬಾರದು. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು, ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್. ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಹೊಸದು ಹಾಕಿ. ಸೀಲಿನ ಬೆಲೆ ಹೆಚ್ಚಲ್ಲ. ಕಾರಿನಲ್ಲಿ ಕೂರಿಸಿದ ಮೇಲೆ ಅದನ್ನು ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ.

ಅಳತೆ

ಎಂಜಿನ್ ಇಳಿಸಿ ಏರಿಸುವುದು ಎರಡು ದಿನದ ಮಾತು. ವಾರಗಟ್ಟಲೆ ತಿನ್ನುವುದು ಅದರ ಸುತ್ತಲಿನ ಸಣ್ಣ ಕೆಲಸಗಳು, ಮತ್ತು ಅವುಗಳ ಭವಿಷ್ಯ ಈ ಹಂತದಲ್ಲೇ ನಿಶ್ಚಯವಾಗುತ್ತದೆ. ಹಳೆಯ ಎಂಜಿನ್ ಇನ್ನೂ ಕಾರಿನಲ್ಲಿರುವಾಗಲೇ ಅಳತೆ ತೆಗೆಯಿರಿ.

ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎರಡೂ ಸೀಟಿನ ಮೇಲೆ 25 ಕೆ.ಜಿ.ಯ ಮೂರು ಮೂರು ಜೋಳದ ಚೀಲ ಇಡಿ, ಟ್ಯಾಂಕ್ ಅರ್ಧ ತುಂಬಿರಲಿ. ಖಾಲಿ ಕಾರಿನಲ್ಲಿ ತೆಗೆದ ಅಳತೆ ಇಬ್ಬರು ಕೂತ ಕೂಡಲೇ ಸುಳ್ಳಾಗುತ್ತದೆ. ಈಗ ಬರೆದಿಡಬೇಕಾದದ್ದು: ಕ್ರ್ಯಾಂಕ್ ಪುಲ್ಲಿಯ ನಡುಬಿಂದು ನೆಲದಿಂದ ಎಷ್ಟು ಎತ್ತರ, ಮುಂಚಕ್ರದ ನಡುರೇಖೆಯಿಂದ ಎಷ್ಟು ಹಿಂದೆ; ಡಿಫರೆನ್ಷಿಯಲ್ ಫ್ಲ್ಯಾಂಜಿನ (ಶಾಫ್ಟ್ ಬಿಗಿಯುವ ತಟ್ಟೆ) ಕೋನ; ಗೇರ್ ಲಿವರಿನ ಜಾಗ; ಚೇಂಬರಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ತಳ ನೆಲದಿಂದ ಎಷ್ಟು. ಕೋನಕ್ಕೆ ಡಿಜಿಟಲ್ ಆಂಗಲ್ ಗೇಜ್, ನಡುರೇಖೆಗೆ ಗಾರೆಯವರ ತೂಗುಗುಂಡು ಮತ್ತು ದಾರ ಸಾಕು.

ಚಾಸಿಯನ್ನೂ ಇದೇ ಹೊತ್ತಿಗೆ ತಟ್ಟಿ ನೋಡಿ. ಮುಂಬೈಯಲ್ಲೋ ಗೋವಾದಲ್ಲೋ ಕಡಲಗಾಳಿ ಕುಡಿದ ಗಾಡಿಯಾದರೆ ಬದಿಗೆ ಚಾಚಿದ ಔಟ್‌ರಿಗರ್‌ಗಳು ಬಣ್ಣದ ಕೆಳಗೆ ಹಪ್ಪಳದ ಹಾಗಾಗಿರುತ್ತವೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವ ಜಾಗವಿದ್ದರೆ ಮೊದಲು ಚಾಸಿ ರಿಪೇರಿ, ಎಂಜಿನ್ ಆಮೇಲೆ.

ಡಿಫರೆನ್ಷಿಯಲ್ ಅನುಪಾತ ತಿಳಿಯಲು ಬಿಚ್ಚಬೇಕಿಲ್ಲ. ಹಿಂಭಾಗ ಎತ್ತಿ ಒಂದು ಚಕ್ರ ಹಿಡಿದುಕೊಂಡು ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲರ್ ಶಾಫ್ಟಿಗೆ (ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ಗೆ ಹೋಗುವ ಉದ್ದ ದಂಡ) ಹಚ್ಚಿದ ಸುಣ್ಣದ ಗುರುತು ಎಷ್ಟು ಸುತ್ತಿತೆಂದು ಎಣಿಸಿ. ನಾಲ್ಕು ಸುತ್ತು ಮತ್ತು ಸ್ವಲ್ಪ ಆದರೆ 4.11. ಐದಕ್ಕೆ ತುಸು ಕಡಿಮೆಯಾದರೆ ಹೆರಾಲ್ಡ್ 948ರ 4.875, ಜಿಪ್ಸಿಯ ಮೊದಲ ಗೇರಿಗೆ ಅದು ತೀರಾ ಗಿಡ್ಡ. 4.11ರ ಜೊತೆ 155/80 ಆರ್13 ಟೈರಿದ್ದರೆ ಹಳೆಯ ನಾಲ್ಕನೇ ಗೇರಿನಲ್ಲಿ ಗಂಟೆಗೆ 100 ಕಿ.ಮೀ.ಗೆ ಎಂಜಿನ್ ಸುಮಾರು 3,770 ಸುತ್ತು ತಿರುಗಬೇಕಿತ್ತು. ಜಿಪ್ಸಿಯ ಐದನೇ ಗೇರ್ ಸುಮಾರು 0.8 ಇರುವುದರಿಂದ ಈಗ 3,000ದ ಆಸುಪಾಸು ಸಾಕು. ಸತಾರಾ ದಾಟಿ ಕೊಲ್ಹಾಪುರ, ಬೆಳಗಾವಿ ಕಡೆ ಹೊರಟವರ ಕಿವಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ.

ಕೂರಿಸಿ ನೋಡುವುದು, ಮೌಂಟಿಂಗ್

ಹಳೆಯದನ್ನು ಇಳಿಸಿದ ಮೇಲೆ ಹೊಸದರ ಬರೀ ಬ್ಲಾಕ್, ಹೆಡ್ ಮತ್ತು ಗೇರ್‌ಬಾಕ್ಸನ್ನು ಚೈನ್ ಪುಲ್ಲಿಯಲ್ಲಿ ತೂಗುಹಾಕಿ, ಕೆಳಗೆ ಮರದ ತುಂಡು ಕೊಟ್ಟು ಜಾಗ ಹುಡುಕಿ. ಎಂಜಿನ್ ಹಿಂದೆ ಸರಿದಷ್ಟೂ ತೂಕದ ಹಂಚಿಕೆ ಚೆನ್ನ, ಆದರೆ ಗೇರ್ ಲಿವರೂ ಅಷ್ಟೇ ಹಿಂದೆ ಬಂದು ಮೊಣಕೈಗೆ ತಾಗುತ್ತದೆ. ಲಿವರನ್ನು 30-40 ಮಿ.ಮೀ. ಬಾಗಿಸಬಹುದು. ಅದಕ್ಕಿಂತ ಹೆಚ್ಚಾದರೆ ಎಂಜಿನ್‌ನ ಜಾಗವನ್ನೇ ಬದಲಿಸಿ. ಮೂರು ಗಡಿ ಮೀರಬಾರದು:

- ಚೇಂಬರಿನ ತಳ ಚಾಸಿಯ ತಳಕ್ಕಿಂತ ಮೇಲಿರಬೇಕು. ಅಲ್ಯೂಮಿನಿಯಂ ಎಂಜಿನ್‌ಗೆ ನಮ್ಮ ಗಲ್ಲಿಯ ಸ್ಪೀಡ್ ಬ್ರೇಕರ್ ಒಂದೇ ಏಟು ಸಾಕು.
- ಎಂಜಿನ್‌ನ ಅತಿ ಎತ್ತರದ ಭಾಗಕ್ಕೂ ಬಾನೆಟ್ಟಿಗೂ ನಡುವೆ 25 ಮಿ.ಮೀ. ಅಳೆಯಲು ಹಿಟ್ಟಿನ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆರೆಯಿರಿ, ಉಂಡೆಯ ದಪ್ಪ ನೋಡಿ.
- ಸ್ಟಿಯರಿಂಗ್ ರ‍್ಯಾಕ್, ಕಾಲಮ್‌ಗಳಿಂದ ಎಲ್ಲ ಕಡೆ 20 ಮಿ.ಮೀ. ಎಂಜಿನ್ ರಬ್ಬರಿನ ಮೇಲೆ ಅಲ್ಲಾಡುತ್ತದೆ ಎನ್ನುವುದು ನೆನಪಿರಲಿ.

ಟ್ರಯಂಫ್ ಎಂಜಿನ್‌ನಲ್ಲಿ ಕಾರ್ಬುರೇಟರೂ ಸೈಲೆನ್ಸರೂ ಒಂದೇ ಬದಿಗಿದ್ದವು. ಜಿಪ್ಸಿಯದರಲ್ಲಿ ಎದುರುಬದುರು. ಹಾಗಾಗಿ ಮೊದಲು ಖಾಲಿಯಿದ್ದ ಬದಿಯೂ ಈಗ ತುಂಬುತ್ತದೆ. ಬಿಸಿ ಪೈಪು ಬ್ರೇಕ್ ಪೈಪಿನ ಅಥವಾ ಕ್ಲಚ್ ಸಿಲಿಂಡರಿನ ಪಕ್ಕ ಹಾದರೆ ನಡುವೆ ತಗಡಿನ ಮರೆ ಕಟ್ಟಬೇಕು, ಪೈಪಿನಿಂದ ಒಂದು ಬೆರಳು ದೂರದಲ್ಲಿ.

ಬ್ರಾಕೆಟ್ಟಿಗೆ 5 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್, ತ್ರಿಕೋನದ ಬಲಪಟ್ಟಿ ಸಮೇತ. ಟ್ರಯಂಫ್ ಮೌಂಟಿಂಗಿನ ಹಳೆಯ ತೂತುಗಳಿಗೇ ಕೂರಬೇಕು, ಎಂ10 ಬೋಲ್ಟ್, 8.8 ಗ್ರೇಡ್. ರಬ್ಬರ್ ಜಿಪ್ಸಿಯದೇ ಇರಲಿ. ಮೊದಲು ರಟ್ಟಿನ ನಮೂನೆ, ನಂತರ ಪ್ಲೇಟಿಗೆ ಟ್ಯಾಕ್ (ಚುಕ್ಕೆ ವೆಲ್ಡ್), ಎಲ್ಲ ಹೊಂದಿದ ಮೇಲೆ ಬ್ರಾಕೆಟ್ ಹೊರಗೆ ತೆಗೆದು ಮೇಜಿನ ಮೇಲೆ ಪೂರ್ತಿ ವೆಲ್ಡ್. ಕಾರಿನ ಮೇಲೇ ಟ್ಯಾಕ್ ಹಾಕುವುದಾದರೆ ಬ್ಯಾಟರಿ ಬಿಚ್ಚಿ, ಇಸಿಯು ಮನೆಯಲ್ಲಿಟ್ಟು ಬನ್ನಿ. ಗೇರ್‌ಬಾಕ್ಸಿನ ಅಡ್ಡಪಟ್ಟಿ ಬೋಲ್ಟಿನದೇ ಆಗಿರಲಿ, ಮುಂದೆ ಕ್ಲಚ್ ಕೆಲಸಕ್ಕೆ ಬಿಚ್ಚಬೇಕಾಗುತ್ತದೆ.

ಭೋಸರಿ, ಚಿಂಚವಡದ ಲೇತ್ ಶಾಪುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಟರ್ನರುಗಳು ಸಿಗುತ್ತಾರೆ. ‘ಅಣ್ಣಾ, ಒಂದ್ ಸೂತ ಕಮ್ಮಿ ಮಾಡ್ರಿ’ ಎಂದರೆ ಅರ್ಥವಾಗುತ್ತದೆ. ಆದರೆ ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ, 3 ಮಿ.ಮೀ.ಗಿಂತ ಹೆಚ್ಚು. ಡ್ರಾಯಿಂಗ್ ಮಿಲಿಮೀಟರಿನಲ್ಲೇ ಕೊಡಿ.

ಪ್ರೊಪೆಲರ್ ಶಾಫ್ಟ್

ಗಿಡ್ಡ ಶಾಫ್ಟಿನ ಗೇರ್‌ಬಾಕ್ಸ್ ಕಡೆಯ ತುದಿ ಮತ್ತು ಟ್ರಯಂಫ್ ಶಾಫ್ಟಿನ ಡಿಫರೆನ್ಷಿಯಲ್ ಕಡೆಯ ತುದಿ ಉಳಿಸಿಕೊಂಡು, ನಡುವೆ ಹೊಸ ಕೊಳವೆ ಹಾಕಿಸಬೇಕು. ಪ್ರೊಪೆಲರ್ ಶಾಫ್ಟನ್ನೇ ಮಾಡುವ ಅಂಗಡಿಯಲ್ಲಿ ಮಾಡಿಸಿ. ಮಾಮೂಲಿ ವೆಲ್ಡರನ ಕೈಗೆ ಕೊಟ್ಟರೆ ನೆಟ್ಟಗೆ ಬರುವುದಿಲ್ಲ. ಮುಗಿದ ಮೇಲೆ ಡೈನಾಮಿಕ್ ಬ್ಯಾಲೆನ್ಸಿಂಗ್ ಕಡ್ಡಾಯ. ಎರಡೂ ತುದಿಯ ಯೋಕ್ (ಕೀಲು ಹಿಡಿಯುವ ಕವೆ) ಒಂದೇ ಸಾಲಿನಲ್ಲಿರಬೇಕು. ಅಡ್ಡದಿಡ್ಡಿ ಕೂತರೆ ವೇಗ ಹತ್ತಿದ ಹಾಗೆ ನೆಲವೇ ನಡುಗುತ್ತದೆ, ಎಷ್ಟು ಬ್ಯಾಲೆನ್ಸ್ ಮಾಡಿದರೂ ಹೋಗುವುದಿಲ್ಲ.

ಕೋನ ಇನ್ನೂ ಮುಖ್ಯ. ಗೇರ್‌ಬಾಕ್ಸ್ ಶಾಫ್ಟೂ ಡಿಫರೆನ್ಷಿಯಲ್ ಶಾಫ್ಟೂ ಒಂದಕ್ಕೊಂದು ಸಮಾನಾಂತರವಾಗಿರಲಿ, ವ್ಯತ್ಯಾಸ ಅರ್ಧ ಡಿಗ್ರಿ ಮೀರದಿರಲಿ. ಪ್ರತಿ ಕ್ರಾಸಿನಲ್ಲಿ (ಶಾಫ್ಟ್ ತುದಿಯ ಬಾಗುವ ಕೀಲು) 1ರಿಂದ 3 ಡಿಗ್ರಿ ಬಾಗು ಬೇಕು. ಸೊನ್ನೆಯೇ ಒಳ್ಳೆಯದೆಂದು ನೇರ ಕೂರಿಸಿದರೆ ಕ್ರಾಸಿನ ಸೂಜಿ ಬೇರಿಂಗ್ ಅಲುಗದೆ ಒಂದೇ ಜಾಗದಲ್ಲಿ ಗುಳಿ ಬೀಳಿಸುತ್ತದೆ. ಸ್ಪಿಟ್‌ಫೈರ್‌ನಲ್ಲಿ ಡಿಫರೆನ್ಷಿಯಲ್ ಚಾಸಿಗೇ ಬಿಗಿದಿರುವುದರಿಂದ ಶಾಫ್ಟ್ ಉದ್ದಕ್ಕೆ ಹೆಚ್ಚು ಜಾರುವುದಿಲ್ಲ. ಎಂಜಿನ್ ಅಲುಗಾಟಕ್ಕೆ, ಕೂರಿಸಿ ಬಿಚ್ಚುವುದಕ್ಕೆ 20-25 ಮಿ.ಮೀ. ಜಾರು ಸಾಕು.

ಕ್ಲಚ್, ಸ್ಪೀಡೊಮೀಟರ್

ಸ್ಪಿಟ್‌ಫೈರ್ ಕ್ಲಚ್ ಹೈಡ್ರಾಲಿಕ್, ಜಿಪ್ಸಿಯದು ಕೇಬಲ್. ಕೇಬಲ್ ಎಳೆಯುತ್ತದೆ, ಸ್ಲೇವ್ (ಕ್ಲಚ್ ಕಡೆಯ) ಸಿಲಿಂಡರ್ ತಳ್ಳುತ್ತದೆ. ಆದ್ದರಿಂದ ಸ್ಲೇವನ್ನು ಕ್ಲಚ್ ತೋಳಿನ ಎದುರು ಬದಿಗೆ ಬ್ರಾಕೆಟ್ ಮಾಡಿ ಕೂರಿಸಬೇಕು, ತಳ್ಳಿದಾಗ ತೋಳು ಕೇಬಲ್ ಎಳೆಯುತ್ತಿದ್ದ ದಿಕ್ಕಿಗೇ ಹೋಗಬೇಕು. ಕ್ಲಚ್ ಬಿಡಲು ತೋಳು ಎಷ್ಟು ಮಿ.ಮೀ. ಸರಿಯಬೇಕೆಂದು ಮೊದಲು ಮೇಜಿನ ಮೇಲೆ ಅಳೆಯಿರಿ, ಆಮೇಲೆ ಸಿಲಿಂಡರ್ ಆರಿಸಿ. ಮಾಸ್ಟರಿನ (ಪೆಡಲ್ ಕಡೆಯ ಸಿಲಿಂಡರ್) ಒಳವ್ಯಾಸ 15.9 ಮಿ.ಮೀ., ಸ್ಲೇವಿನದು 19 ಮಿ.ಮೀ. ಆದರೆ ಮಾಸ್ಟರ್ 25 ಮಿ.ಮೀ. ಒತ್ತಿದಾಗ ಸ್ಲೇವ್ ಸುಮಾರು 17.5 ಸರಿಯುತ್ತದೆ. ಸಾಲದಿದ್ದರೆ ಸ್ಲೇವ್ ಚಿಕ್ಕದಾಗಬೇಕು, ಪೆಡಲ್ ಅಷ್ಟೇ ಗಟ್ಟಿಯಾಗುತ್ತದೆ. ಬ್ರಾಕೆಟ್ ತೆಳುವಾಗಿದ್ದರೆ ಕ್ಲಚ್ ಬದಲು ಬ್ರಾಕೆಟ್ಟೇ ಬಾಗಿ ರಿವರ್ಸ್ ಗೇರ್ ಕಿರುಗುಟ್ಟುತ್ತದೆ. ಎಲ್ಲರೂ ಗೇರ್‌ಬಾಕ್ಸಿನ ಮೇಲೆ ಅನುಮಾನ ಪಡುತ್ತಾರೆ!

ಬಹಳ ಮಂದಿ ಮರೆಯುವ ಸಂಗತಿ: ಜಿಪ್ಸಿಯ ಸ್ಪೀಡೊಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ, ಮತ್ತು ಅದನ್ನು ನೀವು ಗುಜರಿಯಲ್ಲೇ ಬಿಟ್ಟು ಬಂದಿದ್ದೀರಿ. ಜಿಪಿಎಸ್ ಸ್ಪೀಡೊಮೀಟರ್ ಹಾಕಬಹುದು. ಇಲ್ಲವೇ ಪ್ರೊಪೆಲರ್ ಶಾಫ್ಟಿಗೆ ಅಯಸ್ಕಾಂತ ಬಿಗಿದು ಹಾಲ್ ಸೆನ್ಸರಿನಿಂದ (ಅಯಸ್ಕಾಂತ ಹಾದದ್ದನ್ನು ಗುರುತಿಸುವ ಸೆನ್ಸರ್) ಸಂಕೇತ ತೆಗೆಯಬಹುದು. ಎರಡನೆಯದು ಮೇಲು, ಅದೇ ಸಂಕೇತ ಇಸಿಯುಗೂ ಬೇಕು.

ಪೆಟ್ರೋಲು, ನೀರು

ಹಳೆಯ ಪಂಪಿನ ಸಣ್ಣ ಒತ್ತಡ ಎಂಪಿಎಫ್ಐಗೆ ಏತಕ್ಕೂ ಸಾಲದು. ಬೇಕಾದದ್ದು 2.5ರಿಂದ 3 ಬಾರ್. ಟ್ಯಾಂಕಿಗೆ ಹಿಂತಿರುಗುವ ಪೈಪು ಕೂರಿಸಿ. ಟ್ಯಾಂಕಿನೊಳಗೆ ತಡೆಗೋಡೆ ಇಲ್ಲದಿದ್ದರೆ ತಿರುವಿನಲ್ಲಿ ಪೆಟ್ರೋಲು ಒಂದು ಬದಿಗೆ ಓಡಿ ಪಂಪು ಗಾಳಿ ಎಳೆಯುತ್ತದೆ. ಅದಕ್ಕೆ ಒಂದು ಲೀಟರಿನ ಪುಟ್ಟ ಸ್ವರ್ಲ್ ಪಾಟ್ (ಪಂಪಿಗೆ ಸದಾ ಪೆಟ್ರೋಲು ಸಿಗುವಂತೆ ಹಿಡಿದಿಡುವ ಡಬ್ಬಿ) ನಡುವೆ ಇಡಿ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು. ಹಳೆಯ ರಬ್ಬರ್ ಪೈಪು ಎಥೆನಾಲಿಗೆ ಮೆತ್ತಗಾಗಿ ಬಿರುಕು ಬಿಡುತ್ತದೆ, ಆದ್ದರಿಂದ ಎಲ್ಲ ಪೈಪೂ ಎಥೆನಾಲ್ ತಡೆಯುವ ಇಂಜೆಕ್ಷನ್ ದರ್ಜೆಯದಾಗಲಿ. ಟ್ಯಾಂಕ್ ಸೀಟಿನ ಬೆನ್ನಿಗೇ ಇದೆ. ಇಲ್ಲಿ ಜುಗಾಡ ಬೇಡ.

ರೇಡಿಯೇಟರ್ ಎಂಜಿನ್‌ಗಿಂತ ತಗ್ಗಿನಲ್ಲಿ ಕೂರುವುದರಿಂದ ಗಾಳಿ ಹೆಡ್ಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅತಿ ಎತ್ತರದಲ್ಲಿ ನೀರು ತುಂಬುವ ಬಾಯಿ ಇರುವ ತೊಟ್ಟಿ ಕೊಡಿ, ಮೂತಿಯನ್ನು ಜ್ಯಾಕಿನಲ್ಲಿ ಎತ್ತಿ ತುಂಬಿಸಿ. ಹೀಟರ್ ಬೇಡವೆಂದು ಅದರ ಎರಡು ಬಾಯಿ ಮುಚ್ಚಿಬಿಡಬೇಡಿ, ಒಂದರಿಂದ ಇನ್ನೊಂದಕ್ಕೆ ಪೈಪು ಸುತ್ತಿಸಿ. ಮುಚ್ಚಿದರೆ ಥರ್ಮೋಸ್ಟಾಟ್ ಹತ್ತಿರ ನೀರು ಹರಿಯದೆ ಅದು ತಡವಾಗಿ ತೆರೆಯುತ್ತದೆ.

ವೈರಿಂಗ್

1967ರಲ್ಲಿ ಮಾರ್ಕ್ 3 ಬರುವವರೆಗಿನ ಸ್ಪಿಟ್‌ಫೈರ್‌ಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಅರ್ತ್ ಆಗಿತ್ತು. ಹಾಗೇ ಇಸಿಯು ಜೋಡಿಸಿದರೆ ಕೀ ತಿರುಗಿಸಿದ ಕ್ಷಣವೇ ಹೊಗೆ. ಮೊದಲು ನೆಗೆಟಿವ್ ಅರ್ತಿಗೆ ಬದಲಿಸಿ, ಡೈನಮೋ ತೆಗೆದು ಜಿಪ್ಸಿಯ ಆಲ್ಟರ್ನೇಟರ್ ಇಟ್ಟುಕೊಳ್ಳಿ.

ಕಾರಿನ ದೀಪ, ಹಾರ್ನಿನ ವೈರಿಂಗ್ ಬೇರೆ, ಎಂಜಿನ್‌ನದು ಬೇರೆ ಇರಲಿ. ಎರಡೂ ಸೇರುವುದು ಬ್ಯಾಟರಿ, ಇಗ್ನಿಷನ್ ಸ್ವಿಚ್, ಚಾರ್ಜ್ ದೀಪ ಮತ್ತು ಮೀಟರುಗಳಲ್ಲಿ ಮಾತ್ರ. ಫ್ಯೂಯಲ್ ಪಂಪಿಗೆ 15 ಆಂಪ್ ಫ್ಯೂಸ್, 2.5 ಚ.ಮಿ.ಮೀ. ತಂತಿ, ರೇಡಿಯೇಟರ್ ಫ್ಯಾನಿಗೆ 30 ಆಂಪ್, 4 ಚ.ಮಿ.ಮೀ.; ಎರಡಕ್ಕೂ ಪ್ರತ್ಯೇಕ ರಿಲೇ. ಇಸಿಯು ಸೀಟಿನ ಮುಂದೆ ಡ್ಯಾಶಿನ ಅಡಿಯಲ್ಲಿ, ಎತ್ತರದಲ್ಲಿರಲಿ. ಸ್ಪಿಟ್‌ಫೈರ್‌ನ ಟಾಪು ಮುಂಗಾರಿಗೆ ಮಾಡಿದ್ದಲ್ಲ.

ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಎಂಜಿನ್‌ನಿಂದ ಚಾಸಿಗೆ ದಪ್ಪ ಅರ್ತಿಂಗ್ ಪಟ್ಟಿ ಹಾಕದಿದ್ದರೆ ಸೆಲ್ಫಿನ ಕರೆಂಟು ದಾರಿ ಹುಡುಕಿಕೊಂಡು ಆಕ್ಸಿಲರೇಟರ್ ಕೇಬಲಿನ ಮೂಲಕ ಹರಿಯುತ್ತದೆ. ಕೇಬಲ್ ಕೆಂಪಗೆ ಕಾದು ಒಳಗೇ ಅಂಟಿಕೊಂಡರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಮೊದಲ ಸ್ಟಾರ್ಟ್, ಮೊದಲ ಘಾಟ್

ಪಂಪಿನ ಫ್ಯೂಸ್ ತೆಗೆದು, ಪ್ಲಗ್ ಬಿಚ್ಚಿ, ಹತ್ತತ್ತು ಸೆಕೆಂಡಿನಂತೆ ಸೆಲ್ಫ್ ಹೊಡೆಯಿರಿ, ಆಯಿಲ್ ದೀಪ ಆರುವವರೆಗೆ. ನಂತರ ಫ್ಯೂಸ್ ಹಾಕಿ ಕೀ ಮಾತ್ರ ತಿರುಗಿಸಿ, ಪಂಪು ಒತ್ತಡ ಕಟ್ಟಲಿ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಜೋಡಣೆಯನ್ನೂ ಟಾರ್ಚ್ ಹಾಕಿ ನೋಡಿ. ಸೋರಿಕೆ ಇಲ್ಲದಿದ್ದರೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಫ್ಯಾನ್ ಎರಡು ಸಲ ತಾನೇ ಓಡಿ ನಿಲ್ಲುವವರೆಗೆ ನಿಂತಲ್ಲೇ ಓಡಿಸಿ.

ರಸ್ತೆಯ ಒಪ್ಪಿಗೆ, ವಿಮೆ, ಪಿಯುಸಿ ಕೈಗೆ ಬಂದ ಮೇಲೆ ಮೊದಲು 5 ಕಿ.ಮೀ., ಮನೆಯ ಸುತ್ತ. ವಿಮಾ ಕಂಪನಿಗೆ ಹೊಸ ಎಂಜಿನ್ ನಂಬರ್ ಬರಹದಲ್ಲಿ ತಿಳಿಸಿರಬೇಕು. 50 ಕಿ.ಮೀ.ಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಮೌಂಟಿಂಗ್, ಪ್ರೊಪೆಲರ್ ಫ್ಲ್ಯಾಂಜ್, ಸೈಲೆನ್ಸರ್ ಬೋಲ್ಟ್ ಬಿಗಿ ಮಾಡಿ. ತಂಪಿನ ಪರೀಕ್ಷೆಗೆ ಹಳೆಯ ಕಾತ್ರಜ್ ಘಾಟ್ ಹತ್ತಿಸಿ, ಮೇಲೆ ನಿಲ್ಲಿಸಿ ಐದು ನಿಮಿಷ ಐಡಲ್‌ನಲ್ಲಿ ಬಿಡಿ. ಏರುವಾಗ ಸರಿಯಿದ್ದು ನಿಂತಾಗ ಮುಳ್ಳು ಏರಿದರೆ ಫ್ಯಾನಿನ ದೋಷ. ಏರುವಾಗಲೇ ಏರಿದರೆ ರೇಡಿಯೇಟರ್ ಚಿಕ್ಕದು ಅಥವಾ ಒಳಗೆ ಗಾಳಿ ಇದೆ. ಇಲ್ಲಿ ಪಾಸಾದ ಮೇಲೆ ಖಂಬಾಟ್ಕಿ ಘಾಟ್ ನೋಡಿ.

ಇಳಿಯುವಾಗ ಎಚ್ಚರ. ಸ್ಪಿಟ್‌ಫೈರ್‌ನ ಹಿಂದಿನದು ಸ್ವಿಂಗ್ ಆಕ್ಸಲ್, ಹಾಫ್ ಶಾಫ್ಟ್ ಏರಿಳಿದಂತೆ ಚಕ್ರವೂ ವಾಲುತ್ತದೆ. ತಿರುವಿನ ನಡುವೆ ತಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಅಥವಾ ಬ್ರೇಕ್ ಒತ್ತಿದರೆ ಹಿಂಭಾಗ ಎದ್ದು ಹೊರಗಿನ ಚಕ್ರ ಒಳಮಡಚುತ್ತದೆ, ಹಿಂದಿನದು ಮುಂದೆ ಬರುತ್ತದೆ. ಮುಂಭಾಗ ಹಗುರಾದ ಮೇಲೆ ಕಾರಿನ ತೂಗು ಬೇರೆಯಾಗಿರುವುದರಿಂದ ಈ ಗುಣವನ್ನು ಹೊಸದಾಗಿ ಕಲಿಯಬೇಕು. 1970ರ ಮಾರ್ಕ್ 4ರಿಂದ ಬಂದ ಸ್ವಿಂಗ್ ಸ್ಪ್ರಿಂಗ್ ಸಿಕ್ಕರೆ ಹಾಕಿ, ಈ ಕಾಟ ಬಹಳ ತಗ್ಗುತ್ತದೆ. ಹೆರಾಲ್ಡಿನವರಾದರೆ ಮುಂದಿನ ಡ್ರಮ್ ಬ್ರೇಕಿನ ಜಾಗಕ್ಕೆ ಡಿಸ್ಕ್ ಬರುವವರೆಗೆ ಘಾಟಿನ ಯೋಚನೆ ಬೇಡ.

ಹಳೆಯ ಎಂಜಿನ್ ಮಾರಬೇಡಿ. ಪ್ಲಗ್ ತೂತಿನಲ್ಲಿ ಎರಡೆರಡು ಚಮಚ ಎಣ್ಣೆ ಬಿಟ್ಟು, ಎಲ್ಲ ಬಾಯಿಗೂ ಬಟ್ಟೆ ತುರುಕಿ, ಪ್ಲಾಸ್ಟಿಕ್ ಸುತ್ತಿ ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ತಿಂಗಳಿಗೊಮ್ಮೆ ಕ್ರ್ಯಾಂಕನ್ನು ಕೈಯಲ್ಲಿ ಅರ್ಧ ಸುತ್ತು ತಿರುಗಿಸಿ. ಮುಂಬೈ, ಗೋವಾದವರು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಮೂಲ ಮೌಂಟಿಂಗ್, ಡೆಲ್ಕೊ (ಡಿಸ್ಟ್ರಿಬ್ಯೂಟರ್), ಪ್ರೊಪೆಲರ್ ಶಾಫ್ಟಿನ ಉಳಿದ ತುದಿ, ಕೊನೆಯ ವಾಷರ್‌ವರೆಗೆ ಎಲ್ಲವನ್ನೂ ಚೀಟಿ ಅಂಟಿಸಿ ಅದೇ ಹಲಗೆಯ ಮೇಲಿಡಿ.